ಮಳೆಯ ಸದ್ದು, ಬಾಲ್ಯದ ನೆನಪು

ಕನ್ನಡ ಕಾವ್ಯವನ್ನು ಅಭ್ಯಸಿಸುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಮಳೆಯನ್ನು ಕಣ್ಣಿನಿಂದ ಕಂಡ ಕವಿ ಬಹುಮಟ್ಟಿಗೆ ಎದುರಿಗಿರುವ ಮಳೆಯನ್ನೇ ವರ್ಣಿಸುತ್ತಾನೆ. ಅದನ್ನು ಕಿವಿಯಿಂದ ಕೇಳಿದ ಕವಿಯಾದರೋ ಅನೇಕ ವೇಳೆ ಎದುರಿಗಿರುವುದನ್ನು ಬಿಟ್ಟು ತನ್ನ ಬಾಲ್ಯಕ್ಕೆ ಹಿಂದಿರುಗುತ್ತಾನೆ. ಇದು ಕವಿಗಳಿಗೆ ಮಾತ್ರ ಮೀಸಲಾದ ಅನುಭವವಲ್ಲ. ರಾತ್ರಿ ಹಾಸಿಗೆಯಲ್ಲಿ ಮಲಗಿ ಮಳೆಯ ಸದ್ದನ್ನು ಆಲಿಸುವ ಯಾರಿಗೇ ಆದರೂ ತಾವು ಬೆಳೆದ ಮನೆ, ಅಲ್ಲಿಯ ದೀಪ, ಅಲ್ಲಿಯ ಜನ ನೆನಪಾಗುವುದುಂಟು. ನಲ್ಲಿಯಿಂದ ಕೊಡಕ್ಕೆ ಸುರಿಯುವ ಸದ್ದೂ ನೀರಿನದೇ. ಆದರೆ ಅದು ನಮ್ಮನ್ನು ಅಷ್ಟು ದೂರ ಕೊಂಡೊಯ್ಯುವುದಿಲ್ಲ. ಮಳೆಯ ಸದ್ದಿಗೆ ಈ ಶಕ್ತಿ ಎಲ್ಲಿಂದ ಬಂದಿತು?

ಈ ಪ್ರಶ್ನೆಗೆ ಸಾಹಿತ್ಯ ವಿಮರ್ಶಕರು ಒಂದು ಬಗೆಯ ಉತ್ತರವನ್ನು ಕೊಡುತ್ತಾರೆ. ಭೌತವಿಜ್ಞಾನದ ಪಾಠ ಹೇಳುವ ನಾವು ಇನ್ನೊಂದು ದಿಕ್ಕಿನಿಂದ ಹೊರಡೋಣ. ಸದ್ದು ಹುಟ್ಟುವುದು ಹೇಗೆ, ಕಿವಿ ಅದರಲ್ಲಿ ಯಾವುದನ್ನು ಹಿಡಿದಿಡುತ್ತದೆ, ಮೆದುಳು ಅದನ್ನು ಯಾವುದರೊಡನೆ ಸೇರಿಸುತ್ತದೆ ಎಂಬ ಮೂರು ಮೆಟ್ಟಿಲುಗಳನ್ನು ಒಂದೊಂದಾಗಿ ಏರೋಣ. ಉದಾಹರಣೆಗೆಂದು ವಿಜಯಪುರ ಜಿಲ್ಲೆಯ ಆಲಮೇಲವನ್ನೂ ಅದರ ನೆರೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನೂ ಆರಿಸಿಕೊಂಡಿದ್ದೇವೆ. ಮಳೆಯ ವಿಷಯಕ್ಕೆ ಮಲೆನಾಡನ್ನು ಬಿಟ್ಟು ಈ ಬಯಲುಸೀಮೆಯೇಕೆ ಎಂದು ವಾಚಕರು ಕೇಳಬಹುದು. ಕಾರಣವು ಮುಂದೆ ತಾನಾಗಿಯೇ ತಿಳಿಯುತ್ತದೆ.

ಹನಿಯ ವೇಗ

ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಒಂದು ಹನಿ ಬೀಳುತ್ತದೆಯೆಂದು ಭಾವಿಸೋಣ. ನಡುವೆ ಗಾಳಿಯೇ ಇಲ್ಲದಿದ್ದರೆ ಅದು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 200 ಮೀಟರ್ ವೇಗವನ್ನು ಪಡೆದಿರುತ್ತಿತ್ತು. ಅಂಥ ಮಳೆಯಲ್ಲಿ ನಿಂತವರಿಗೆ ಕಾವ್ಯದ ಯೋಚನೆ ಬರುತ್ತಿರಲಿಲ್ಲ. ವಾಸ್ತವದಲ್ಲಿ ಹನಿಯ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ಈ ತಡೆಯು ಹನಿಯ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ. ಇದಕ್ಕೆ ಅಂತಿಮ ವೇಗವೆಂದು ಹೆಸರು. 1904ರಲ್ಲಿ ಜರ್ಮನಿಯ ಫಿಲಿಪ್ ಲೆನಾರ್ಡ್ ಮೇಲ್ಮುಖವಾದ ಗಾಳಿಯ ಪ್ರವಾಹದಲ್ಲಿ ಹನಿಗಳನ್ನು ತೇಲಿಸಿ ಈ ವಿಷಯವನ್ನು ಪರಿಶೀಲಿಸಿದನು. 1949ರಲ್ಲಿ ಅಮೆರಿಕದ ಗನ್ ಮತ್ತು ಕಿನ್ಜರ್ ಎಂಬವರು ಹೆಚ್ಚು ನಿಖರವಾದ ಅಳತೆಗಳನ್ನು ಪ್ರಕಟಿಸಿದರು.

ಅದರಂತೆ ಒಂದು ಮಿಲಿಮೀಟರ್ ವ್ಯಾಸದ ಹನಿಯ ಅಂತಿಮ ವೇಗ ಸೆಕೆಂಡಿಗೆ ಸುಮಾರು 4 ಮೀಟರ್. ಎರಡು ಮಿಲಿಮೀಟರಿನದಕ್ಕೆ 6.5 ಮೀಟರ್, ಐದು ಮಿಲಿಮೀಟರಿನ ದಪ್ಪ ಹನಿಗೆ 9 ಮೀಟರ್. ವೇಗದಲ್ಲಿ ಅಂತರ ದೊಡ್ಡದಲ್ಲವೆಂದು ತೋರಬಹುದು. ಆದರೆ ಬಡಿತದ ಬಲವನ್ನು ತಿಳಿಸುವುದು ಚಲನಶಕ್ತಿ. ಐದು ಮಿಲಿಮೀಟರಿನ ಹನಿಯ ತೂಕ ಒಂದು ಮಿಲಿಮೀಟರಿನ ಹನಿಯ 125 ಪಾಲು. ವೇಗದ ವರ್ಗವು ಸುಮಾರು 5 ಪಾಲು. ಆದುದರಿಂದ ದಪ್ಪ ಹನಿಯು ಸಣ್ಣ ಹನಿಗಿಂತ 600 ಪಾಲಿಗೂ ಮೀರಿದ ಶಕ್ತಿಯಿಂದ ನಮ್ಮ ಸೂರನ್ನು ತಟ್ಟುತ್ತದೆ. ಜಿಟಿಜಿಟಿ ಮಳೆಗೂ ಧೋ ಎಂದು ಸುರಿಯುವ ಮಳೆಗೂ ಕಿವಿ ಕಾಣುವ ಭೇದದ ಮೂಲ ಇಲ್ಲಿದೆ.

ಸೂರಿನ ಪಾತ್ರ

ಹನಿಯೊಂದೇ ಸದ್ದು ಮಾಡಲಾರದು. ಅದನ್ನು ತಡೆಯುವ ವಸ್ತುವೂ ಬೇಕು. ಮಳೆಯ ಸದ್ದೆಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮಳೆಯನ್ನು ತಾಳಿಕೊಳ್ಳುವ ವಸ್ತುವಿನದು. ತೆಳ್ಳನೆಯ ತಗಡು ಹನಿ ಬಿದ್ದೊಡನೆ ಬಾಗಿ, ಹಿಂದಕ್ಕೆ ಚಿಮ್ಮಿ, ಸ್ವಲ್ಪ ಹೊತ್ತು ಕಂಪಿಸುತ್ತಲೇ ಇರುತ್ತದೆ. ಆ ಕಂಪನ ಸುತ್ತಲಿನ ಗಾಳಿಯನ್ನು ನಡುಗಿಸುತ್ತದೆ. ಹೆಂಚು ದಪ್ಪವಾಗಿಯೂ ಗಡುಸಾಗಿಯೂ ಇರುವುದರಿಂದ ಅದರ ಸದ್ದು ಮೋಟು. ಮಣ್ಣು ಭಾರವಾದುದು, ಅದರ ಕಣಗಳು ಒಂದನ್ನೊಂದು ಉಜ್ಜಿ ಕಂಪನವನ್ನು ಶಾಖವಾಗಿ ಮಾರ್ಪಡಿಸುತ್ತವೆ. ಆದುದರಿಂದ ಅದು ಸದ್ದನ್ನು ನುಂಗುತ್ತದೆ.

ಆಲಮೇಲದ ಕಡೆಯ ಹಳೆಯ ಮನೆಗಳು ಕಲ್ಲಿನ ಗೋಡೆಯ ಮೇಲೆ ತೊಲೆ ಜಂತಿಗಳನ್ನು ಹೊದಿಸಿ, ಮೇಲೆ ದಪ್ಪನಾಗಿ ಮಣ್ಣು ಹಾಕಿದ ಮಾಳಿಗೆಯ ಮನೆಗಳು. ಇಂಥ ಮೇಲ್ಮುದ್ದೆಯ ಕೆಳಗೆ ಮಲಗಿದವನಿಗೆ ಮಳೆ ಬೀಳುವ ಸದ್ದು ಮೇಲಿನಿಂದ ಕೇಳುವುದು ಅಲ್ಪ. ಆತನಿಗೆ ಕೇಳುವುದು ಬೆಳಕಿಂಡಿಯ ಮೇಲೆ ಮುಚ್ಚಿದ ತಗಡಿನ ಪಟಪಟ. ಮಾಳಿಗೆಯ ನೀರು ಕೊಳವೆಯಿಂದ ಹೊರಬಿದ್ದು ಅಂಗಳದ ಹಾಸುಗಲ್ಲಿಗೆ ಅಪ್ಪಳಿಸುವ ಸದ್ದು. ಮಣ್ಣು ಸೋರಿದಲ್ಲಿ ಕೆಳಗಿಟ್ಟ ಬೋಗುಣಿಗೆ ತೊಟತೊಟನೆ ಬೀಳುವ ಹನಿ.

ಈ ಕೊನೆಯ ಸದ್ದು ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿತ್ತು. ನೀರಿನ ಮೇಲೆ ನೀರು ಬಿದ್ದರೆ ಟಿಣ್ ಎಂಬ ಸ್ವರವೇಕೆ ಹೊರಡಬೇಕು? ಹನಿ ಬಿದ್ದಲ್ಲಿ ನೀರಿನ ಮೇಲ್ಮೈ ಗುಳಿಬೀಳುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಒಂದು ಪುಟ್ಟ ಗಾಳಿಯ ಗುಳ್ಳೆ ಸೆರೆಯಾಗುತ್ತದೆ. ಆ ಗುಳ್ಳೆ ಸಂಕುಚಿಸುತ್ತ ವಿಕಾಸಗೊಳ್ಳುತ್ತ ಗಂಟೆಯಂತೆ ನುಡಿಯುತ್ತದೆ. ಗುಳ್ಳೆಯ ಗಾತ್ರಕ್ಕೂ ಅದರ ಕಂಪನಕ್ಕೂ ಇರುವ ಸಂಬಂಧವನ್ನು 1933ರಲ್ಲಿ ಮಿನ್ನಾರ್ಟ್ ಎಂಬ ವಿಜ್ಞಾನಿ ಲೆಕ್ಕ ಮಾಡಿ ತೋರಿಸಿದನು. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,200 ಬಾರಿ ಕಂಪಿಸುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಕಂಪನಗಳು ಅರ್ಧಕ್ಕಿಳಿಯುತ್ತವೆ. 2018ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಅತಿವೇಗದ ಕ್ಯಾಮೆರಾಗಳಿಂದ ಈ ಕ್ರಿಯೆಯನ್ನು ಚಿತ್ರಿಸಿ, ಗುಳ್ಳೆಯ ಕಂಪನವು ನೀರಿನ ಮೇಲ್ಮೈಯನ್ನೇ ಅಲುಗಿಸಿ ಸದ್ದನ್ನು ಗಾಳಿಗೆ ದಾಟಿಸುತ್ತದೆಂದು ಸ್ಪಷ್ಟಪಡಿಸಿದರು. ಸೋರುವ ಮನೆಯ ಬೋಗುಣಿಯಲ್ಲಿ ನುಡಿಯುತ್ತಿದ್ದುದು ಹನಿಯಲ್ಲ, ಗುಳ್ಳೆ.

ಎಣಿಸಲಾಗದ ಸದ್ದು

ಈಗ ಎರಡನೆಯ ಮೆಟ್ಟಿಲು. ಗಂಟೆಗೆ 10 ಮಿಲಿಮೀಟರಿನಂತೆ ಸಾಕಷ್ಟು ಬಿರುಸಾದ ಮಳೆ ಬೀಳುತ್ತಿದೆಯೆನ್ನೋಣ. ಹನಿಗಳೆಲ್ಲವೂ ಎರಡು ಮಿಲಿಮೀಟರ್ ವ್ಯಾಸದವೆಂದು ಹಿಡಿದರೆ, ಒಂದು ಚದರ ಮೀಟರ್ ಜಾಗದ ಮೇಲೆ ಪ್ರತಿ ಸೆಕೆಂಡಿಗೆ ಸುಮಾರು 660 ಹನಿಗಳು ಬೀಳುತ್ತವೆ. ಇಪ್ಪತ್ತು ಚದರ ಮೀಟರಿನ ಒಂದು ತಗಡಿನ ಸೂರಿನ ಮೇಲೆ ಸೆಕೆಂಡಿಗೆ ಹದಿಮೂರು ಸಾವಿರ ಬಡಿತಗಳು. ಸೆಕೆಂಡಿಗೆ ಇಪ್ಪತ್ತರಷ್ಟು ಬಡಿತಗಳಾದರೆ ಕಿವಿಗೆ ಅವು ಬಿಡಿಬಿಡಿಯಾಗಿ ಕೇಳಿಸುವುದು ಕಷ್ಟವಾಗತೊಡಗುತ್ತದೆ. ಹದಿಮೂರು ಸಾವಿರವಾದಾಗ ಬಿಡಿ ಹನಿಯ ಸದ್ದು ಕರಗಿಹೋಗಿ, ಆದಿ ಅಂತ್ಯಗಳಿಲ್ಲದ ಒಂದೇ ಭೋರೆಂಬ ನಾದ ಉಳಿಯುತ್ತದೆ.

ಇಂಥ ಸದ್ದನ್ನು ಕಿವಿ ಹೇಗೆ ಗುರುತಿಸುತ್ತದೆ? 2011ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಮೆಕ್‌ಡರ್ಮಟ್ ಮತ್ತು ಸಿಮೊನ್‌ಚೆಲ್ಲಿ ಎಂಬ ಸಂಶೋಧಕರು ಈ ಪ್ರಶ್ನೆಗೆ ಒಂದು ಸೊಗಸಾದ ಉತ್ತರವನ್ನು ಸೂಚಿಸಿದರು. ಮಳೆ, ತೊರೆ, ಬೆಂಕಿ, ಜೀರುಂಡೆಗಳ ಗುಂಪು ಇವುಗಳ ಸದ್ದು ಬಟ್ಟೆಯ ನೇಯ್ಗೆಯಂತೆ. ಎಳೆ ಎಳೆಯನ್ನು ಎಣಿಸದೆ ನಾವು ಬಟ್ಟೆಯನ್ನು ಗುರುತಿಸುವ ಹಾಗೆ, ಕಿವಿಯು ಒಂದೊಂದು ಬಡಿತವನ್ನೂ ನೆನಪಿಡದೆ ಅವುಗಳ ಸರಾಸರಿ, ಏರಿಳಿತ, ಪರಸ್ಪರ ಸಂಬಂಧ ಮುಂತಾದ ಒಟ್ಟು ಲಕ್ಷಣಗಳನ್ನು ಮಾತ್ರ ಹಿಡಿದಿಡುತ್ತದೆ. ಈ ಲಕ್ಷಣಗಳನ್ನಷ್ಟೇ ಅಳೆದು ಯಂತ್ರದಿಂದ ಹೊಸದಾಗಿ ಹುಟ್ಟಿಸಿದ ಸದ್ದನ್ನು ಕೇಳುಗರು ಮಳೆಯೆಂದೇ ಗುರುತಿಸಿದರು. 2013ರ ಅವರ ಇನ್ನೊಂದು ಪ್ರಯೋಗ ಮತ್ತಷ್ಟು ಕುತೂಹಲಕರವಾದುದು. ಒಂದೇ ಬಗೆಯ ಸದ್ದಿನ ಎರಡು ಬೇರೆ ಬೇರೆ ತುಣುಕುಗಳನ್ನು ಕೇಳಿಸಿದಾಗ, ತುಣುಕುಗಳು ಉದ್ದವಾದಷ್ಟೂ ಅವು ಬೇರೆಯೆಂದು ಹೇಳುವುದು ಕೇಳುಗರಿಗೆ ಕಷ್ಟವಾಯಿತು.

ಇದರಿಂದ ನಮ್ಮ ವಿಷಯಕ್ಕೆ ಒಂದು ಮುಖ್ಯವಾದ ಸಂಗತಿ ಸಿದ್ಧಿಸುತ್ತದೆ. ಬಾಲ್ಯದಲ್ಲಿ ನಾವು ಕೇಳಿದ ಮನುಷ್ಯರ ಧ್ವನಿಗಳೆಲ್ಲ ಬದಲಾಗಿವೆ, ಕೆಲವು ಇನ್ನಿಲ್ಲವಾಗಿವೆ. ಬೀದಿಯ ಸದ್ದು ಬದಲಾಗಿದೆ. ಬಂಡಿಯ ಗಾಲಿಯ ಸದ್ದಿನ ಜಾಗಕ್ಕೆ ಯಂತ್ರದ ಸದ್ದು ಬಂದಿದೆ. ಮಳೆಯ ಸದ್ದು ಮಾತ್ರ ಬದಲಾಗಿಲ್ಲ. ಇಂದಿನ ಹನಿಗಳು ಮೂವತ್ತು ವರ್ಷದ ಹಿಂದಿನ ಹನಿಗಳಲ್ಲವಾದರೂ ಸೂರು ಅದೇ ಬಗೆಯದಾದರೆ ಒಟ್ಟು ಲಕ್ಷಣ ಅದೇ. ಕಿವಿಗೆ ಬೇಕಾದುದೂ ಅಷ್ಟೇ. ಮಳೆಯ ಸದ್ದಿಗೆ ವಯಸ್ಸಾಗುವುದಿಲ್ಲ. ಬಾಲ್ಯದಿಂದ ಯಾವ ಮಾರ್ಪಾಡೂ ಇಲ್ಲದೆ ನಮ್ಮೊಡನೆ ಬಂದಿರುವ ಕೆಲವೇ ಸದ್ದುಗಳಲ್ಲಿ ಅದೊಂದು.

ಕಿವಿಯಿಂದ ನೆನಪಿಗೆ

ಮೂರನೆಯ ಮೆಟ್ಟಿಲು ಮೆದುಳಿನದು. ಕಿವಿಯ ಒಳಗಿನ ಶಂಖಾಕೃತಿಯ ನಾಳದಲ್ಲಿ ಸದ್ದು ನರಸಂಕೇತವಾಗಿ ಮಾರ್ಪಟ್ಟು ಕಪೋಲದ ಒಳಗಿರುವ ಮೆದುಳಿನ ಭಾಗಕ್ಕೆ ಹೋಗುತ್ತದೆ. ಅದೇ ಭಾಗದ ಒಳಮಗ್ಗುಲಿನಲ್ಲಿ ಹಿಪೊಕ್ಯಾಂಪಸ್ ಎಂಬ ಅಂಗವಿದೆ. ಒಂದು ಘಟನೆಯ ಸ್ಥಳ, ಸಮಯ, ಸದ್ದು, ವಾಸನೆ, ಜನ ಇವನ್ನೆಲ್ಲ ಒಂದೇ ಕಟ್ಟಾಗಿ ಕಟ್ಟುವುದು ಇದರ ಕೆಲಸ. ಭಯ ಹರ್ಷಗಳನ್ನು ನೋಡಿಕೊಳ್ಳುವ ಅಮಿಗ್ಡಲವೆಂಬ ಅಂಗ ಇದರ ಪಕ್ಕದಲ್ಲೇ ಇದ್ದು, ಭಾವ ತೀವ್ರವಾಗಿದ್ದಾಗ ಕಟ್ಟನ್ನು ಬಿಗಿಗೊಳಿಸುತ್ತದೆ. ಮುಂದೆ ಎಂದಾದರೂ ಕಟ್ಟಿನ ಒಂದು ಎಳೆಯನ್ನು ಎಳೆದರೆ ಉಳಿದವೂ ಜೊತೆಗೆ ಬರುತ್ತವೆ. ಕೆನಡಾದ ಟಲ್ವಿಂಗ್ ಮತ್ತು ಥಾಮ್ಸನ್ 1973ರಲ್ಲಿ ಇದನ್ನೊಂದು ತತ್ತ್ವವಾಗಿ ನಿರೂಪಿಸಿದರು: ವಿಷಯವನ್ನು ಮನಸ್ಸಿಗೆ ತೆಗೆದುಕೊಂಡಾಗ ಜೊತೆಗಿದ್ದ ಸೂಚನೆಯೇ ಅದನ್ನು ಹೊರಗೆಳೆಯಲು ಹೆಚ್ಚು ಸಮರ್ಥ.

1975ರಲ್ಲಿ ಬ್ರಿಟನ್ನಿನ ಗಾಡನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ 36 ಪದಗಳ ಪಟ್ಟಿಗಳನ್ನು ನೀರಿನ ಕೆಳಗೂ ದಂಡೆಯ ಮೇಲೂ ಕಲಿಸಿ ಪರೀಕ್ಷಿಸಿದರು. ಕಲಿತ ಸ್ಥಳದಲ್ಲಿಯೇ ಕೇಳಿದಾಗ ಹೆಚ್ಚು ಪದಗಳು ನೆನಪಾದವು. ಈ ಪ್ರಯೋಗ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಸೇರಿತು. ಆದರೆ 2021ರಲ್ಲಿ ಅದನ್ನು ಪುನಃ ಮಾಡಿ ನೋಡಿದಾಗ ಅದೇ ಫಲ ದೊರೆಯಲಿಲ್ಲ. ವಿಜ್ಞಾನದ ವಿದ್ಯಾರ್ಥಿ ಇದನ್ನು ಗಮನಿಸಬೇಕು. ಸುತ್ತಲಿನ ಸನ್ನಿವೇಶವು ಸ್ಮೃತಿಗೆ ನೆರವಾಗುತ್ತದೆಂಬುದಕ್ಕೆ ಬೇರೆ ಆಧಾರಗಳುಂಟು. ಆದರೆ ಆ ನೆರವು ಎಲ್ಲ ಸನ್ನಿವೇಶಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ.

ಇನ್ನೊಂದು ನಿಯಮವುಂಟು. ಒಂದೇ ಸೂಚನೆಗೆ ನೂರಾರು ನೆನಪುಗಳು ತಗುಲಿಕೊಂಡರೆ, ಅವುಗಳಲ್ಲಿ ಯಾವ ಒಂದನ್ನೂ ಎಳೆದು ತರುವ ಶಕ್ತಿ ಅದಕ್ಕೆ ಕುಗ್ಗುತ್ತದೆ. ನಲ್ಲಿಯ ಸದ್ದು ನಮ್ಮನ್ನು ಎಲ್ಲಿಗೂ ಕೊಂಡೊಯ್ಯದಿರುವುದಕ್ಕೆ ಇದೇ ಕಾರಣ. ಅದು ದಿನದಿನದ ಸದ್ದು. ಬಯಲುಸೀಮೆಯನ್ನು ಆರಿಸಿದುದರ ಮರ್ಮವೂ ಇಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ; ಅಲ್ಲಿ ಮಳೆಯ ಸದ್ದು ತಿಂಗಳುಗಟ್ಟಲೆ ಹಿನ್ನೆಲೆಯಾಗಿ ನಿಲ್ಲುತ್ತದೆ. ಮಲೆನಾಡಿನ ಬಾಲ್ಯವನ್ನು ನೆನೆದು ಬರೆದ ಕುವೆಂಪು ಅವರ ಬರವಣಿಗೆಯಲ್ಲಿ ಮಳೆ ಒಂದು ಇಡೀ ಲೋಕವಾಗಿ ಬರುವುದು ಸಹಜ. ವಿಜಯಪುರ ಜಿಲ್ಲೆಯಲ್ಲಿಯಾದರೋ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಇಲ್ಲಿ ಮಳೆ ಹಿನ್ನೆಲೆಯಲ್ಲ, ಘಟನೆ. ಮಿರಗ ಬಂದಿತೆ, ಉತ್ತರೆ ಕೈಕೊಟ್ಟಿತೆ ಎಂದು ಹೆಸರು ಹಿಡಿದು ಕೇಳುವ ಜನ ಇವರು. ಮಳೆ ತಡವಾದರೆ ಮಕ್ಕಳು ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಅದರ ಮೇಲೆ ನೀರೆರೆಯುತ್ತಾರೆ. ಹೀಗೆ ಕಾದು, ಕರೆದು, ಹಾಡಿ ಬರಮಾಡಿಕೊಂಡ ಮಳೆಯ ಮೊದಲ ಸದ್ದು ಮಗುವಿನ ಸ್ಮೃತಿಯಲ್ಲಿ ತನ್ನದೇ ಆದ ಕಟ್ಟನ್ನು ಕಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ತವರಿನ ಮಳೆ

ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಸಂಗ್ರಹಿಸಿದರು. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಈ ಶ್ರಮದ ಫಲ. ಈ ಹಾಡುಗಳಲ್ಲಿ ಪದೇ ಪದೇ ಬರುವ ವಿಷಯ ತವರು. ಹಾಡಿದವರು ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಬೇರೆ ಊರಿಗೆ ಹೋದವರು. ಅವರಿಗೆ ತವರೆಂದರೆ ಬಾಲ್ಯವೇ. ಗಂಡಿನ ಬಾಲ್ಯ ಆತನ ಮನೆಯಲ್ಲಿಯೇ ಮೆಲ್ಲಮೆಲ್ಲನೆ ಸವೆಯುತ್ತಿತ್ತು. ಹೆಣ್ಣಿನ ಬಾಲ್ಯ ಒಂದು ದಿನ ಬಂಡಿ ಹತ್ತಿದೊಡನೆ ಹಿಂದೆ ಉಳಿಯುತ್ತಿತ್ತು.

ಉತ್ತರ ಕರ್ನಾಟಕದಲ್ಲಿ ಮಗಳನ್ನು ತವರಿಗೆ ಕರೆತರುವ ದೊಡ್ಡ ಹಬ್ಬ ಶ್ರಾವಣದ ನಾಗರಪಂಚಮಿ. ಅದು ಮಳೆಗಾಲದ ನಡುವಿನ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರುವುದು, ಜೋಕಾಲಿ ಕಟ್ಟುವುದು, ಉಂಡಿ ಮಾಡುವುದು ಎಲ್ಲವೂ ಮಳೆಯ ತಿಂಗಳಿನಲ್ಲಿಯೇ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ವರ್ಷವರ್ಷವೂ ಅದೇ ಋತುವಿನಲ್ಲಿ, ಅದೇ ಮಾಳಿಗೆಯ ಕೆಳಗೆ, ಅದೇ ಸದ್ದಿನ ನಡುವೆ ಆಕೆಯ ಬಾಲ್ಯದ ಕಟ್ಟು ಬಿಚ್ಚಿ ಮತ್ತೆ ಬಿಗಿಯಲ್ಪಡುತ್ತಿತ್ತು. ಸೂಚನೆಯನ್ನೂ ನೆನಪನ್ನೂ ಇಷ್ಟು ದೃಢವಾಗಿ ಬೆಸೆಯಲು ಯಾವ ಪ್ರಯೋಗಶಾಲೆಯೂ ಸಮರ್ಥವಲ್ಲ. ಮುಂದೊಂದು ವರ್ಷ ಕರೆಯಲು ಯಾರೂ ಬಾರದಿದ್ದಾಗ ಅತ್ತೆಯ ಮನೆಯ ಅಂಗಳದಲ್ಲಿ ಕೇಳುವ ಅದೇ ಸದ್ದು ಆಕೆಗೆ ಏನಾಗಿ ಕೇಳಿಸಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮಾತಿನೊಳಗಿನ ಮಳೆ

ಕವಿತೆಯನ್ನು ಓದುವಾಗ ಮಳೆ ಬೀಳುತ್ತಿರುವುದಿಲ್ಲ. ಆದರೂ ನೆನಪು ಏಳುವುದು ಹೇಗೆ? ಉತ್ತರದ ಒಂದು ಭಾಗ ನಮ್ಮ ಅನುಕರಣ ಶಬ್ದಗಳಲ್ಲಿದೆ. ಕೇಶಿರಾಜನು 13ನೆಯ ಶತಮಾನದಷ್ಟು ಹಿಂದೆಯೇ ‘ಶಬ್ದಮಣಿದರ್ಪಣ’ದಲ್ಲಿ ಇವುಗಳಿಗೆ ಸ್ಥಾನ ಕೊಟ್ಟಿದ್ದಾನೆ. ಟಪಟಪ, ಪಟಪಟ ಎನ್ನುವಾಗ ಟಕಾರ ಪಕಾರಗಳು ಬಾಯಿಯ ಗಾಳಿಯನ್ನು ಕ್ಷಣಕಾಲ ತಡೆದು ಒಮ್ಮೆಲೆ ಬಿಡುತ್ತವೆ. ಒಂದು ಮೌನ, ಒಂದು ಸಿಡಿತ. ತಗಡಿನ ಮೇಲಿನ ಹನಿಯ ಸದ್ದಿನ ರೂಪವೂ ಇದೇ. ಜಿಟಿಜಿಟಿ ಎನ್ನುವಾಗ ಇಕಾರದಲ್ಲಿ ಸೆಕೆಂಡಿಗೆ ಎರಡು ಸಾವಿರಕ್ಕೂ ಮೇಲಿನ ಕಂಪನಗಳು ಎದ್ದು ಕಾಣುತ್ತವೆ. ಅದು ಸಣ್ಣ ಹನಿಗೆ ಸಲ್ಲುತ್ತದೆ. ಧೋ ಎನ್ನುವಾಗಿನ ಓಕಾರದ ಬಲವೆಲ್ಲ ಸಾವಿರದ ಕೆಳಗಿನ ಕಂಪನಗಳಲ್ಲಿ. ಅದು ಭಾರವಾದ ಸುರಿತಕ್ಕೆ ಸಲ್ಲುತ್ತದೆ. ಕನ್ನಡಿಗರು ಅಳತೆಯ ಉಪಕರಣವಿಲ್ಲದೆ ಕಿವಿಯಿಂದಲೇ ಇದನ್ನು ವಿಂಗಡಿಸಿದ್ದಾರೆ. ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವನ್ನು ಗಟ್ಟಿಯಾಗಿ ಓದಿದವರಿಗೆ ಅಕ್ಷರಗಳು ಪ್ರಕೃತಿಯ ಸದ್ದನ್ನು ಹೊರುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ಮೌನವಾಗಿ ಓದಿದರೂ, ಮನಸ್ಸಿನಲ್ಲಿ ನೆನೆದರೂ ಸದ್ದು ಒಳಗೆ ಕೇಳಿಸುತ್ತದೆ. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಪರಿಚಿತವಾದ ಹಾಡುಗಳ ನಡುನಡುವೆ ಸದ್ದನ್ನು ನಿಲ್ಲಿಸಿ ನೋಡಿದರು. ಆ ಮೌನದಲ್ಲಿಯೂ ಕೇಳುಗರ ಮೆದುಳಿನ ಶ್ರವಣಭಾಗ ಚುರುಕಾಗಿಯೇ ಇತ್ತು. ರವೀಂದ್ರನಾಥ ಠಾಕೂರರು ತಮ್ಮ ‘ಜೀವನಸ್ಮೃತಿ’ಯಲ್ಲಿ (1912) ಇದನ್ನೇ ಬೇರೊಂದು ರೀತಿಯಲ್ಲಿ ಹೇಳಿದ್ದಾರೆ. ಅಕ್ಷರ ಕಲಿಯುವ ವಯಸ್ಸಿನಲ್ಲಿ ಓದಿದ, ಮಳೆಯನ್ನೂ ಎಲೆಯನ್ನೂ ಕುರಿತ ಪುಟ್ಟ ಪ್ರಾಸದ ಮಾತೇ ತಮಗೆ ಮೊದಲ ಕಾವ್ಯವೆಂದೂ, ಪ್ರಾಸವಿರುವುದರಿಂದ ಮಾತು ಮುಗಿದರೂ ಅದರ ಅನುರಣನ ಮುಗಿಯದೆಂದೂ ಅವರ ಅಭಿಪ್ರಾಯ.

ನೆನಪು ಪ್ರತಿಧ್ವನಿಯಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಜಯಪುರದ ಗೋಲಗುಮ್ಮಟದಲ್ಲಿ ನಿಂತು ಒಂದು ಮಾತನ್ನಾಡಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಪ್ರತಿಸಲವೂ ಕ್ಷೀಣವಾಗುತ್ತದೆ, ಆದರೆ ಮಾತು ಬೇರೆಯಾಗುವುದಿಲ್ಲ. ನೆನಪಿನ ಸ್ವಭಾವ ಇದಕ್ಕೆ ತಿರುಗು. ಅದು ಕ್ಷೀಣವಾಗದೆಯೇ ಬೇರೆಯಾಗಬಲ್ಲದು. ಬ್ರಿಟನ್ನಿನ ಬಾರ್ಟ್‌ಲೆಟ್ 1932ರಲ್ಲಿಯೇ ತೋರಿಸಿದಂತೆ, ನೆನೆಯುವುದೆಂದರೆ ಇಟ್ಟದ್ದನ್ನು ತೆಗೆಯುವುದಲ್ಲ; ಉಳಿದ ತುಣುಕುಗಳಿಂದ ಮತ್ತೆ ಕಟ್ಟುವುದು. ಮೂರು ವರ್ಷಕ್ಕಿಂತ ಮುಂಚಿನ ಘಟನೆಗಳು ಬಹುತೇಕ ಯಾರಿಗೂ ನೆನಪಿರುವುದಿಲ್ಲ. ಆ ವಯಸ್ಸಿನ ಮಳೆಯೆಂದು ನಾವು ಹೇಳುವುದು ಹಿರಿಯರಿಂದ ಕೇಳಿದ್ದಿರಬಹುದು. ಕವಿತೆಯಲ್ಲಿ ಬರುವ ಬಾಲ್ಯದ ಮಳೆಯನ್ನು ಹವಾಮಾನ ಇಲಾಖೆಯ ದಾಖಲೆಯಂತೆ ಓದಬಾರದು. ಹಾಗೆಂದು ಅದು ಸುಳ್ಳೂ ಅಲ್ಲ. ಸದ್ದು ನಿಜ, ಭಾವ ನಿಜ, ನಡುವಿನ ಚಿತ್ರ ಕಟ್ಟಿದ್ದು.

ಆ ಭಾವವು ಸದಾ ಮಧುರವೆಂದೂ ತಿಳಿಯಬಾರದು. ಮಣ್ಣಿನ ಮಾಳಿಗೆ ದಿನವಿಡೀ ನೆನೆದರೆ ಭಾರವಾಗಿ ಕುಸಿಯುತ್ತದೆ. ಸತತವಾದ ಮಳೆಯ ರಾತ್ರಿ ಮನೆಯ ಹಿರಿಯರು ನಿದ್ದೆಯಿಲ್ಲದೆ ಜಂತಿಯನ್ನು ನೋಡುತ್ತ ಕುಳಿತಿದ್ದನ್ನು ಕಂಡ ಮಗುವಿಗೆ ಅದೇ ಸದ್ದು ಭಯದ ಸೂಚನೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಅಂದು ಮಕ್ಕಳಾಗಿದ್ದವರು ಮುಂದೆ ಮಳೆಯ ಕವಿತೆಗಳನ್ನು ಬರೆದರೆ ಅವು ಜೋಕಾಲಿಯ ಕವಿತೆಗಳಾಗಬೇಕೆಂದೇನಿಲ್ಲ. ಅಮಿಗ್ಡಲವು ಹರ್ಷವನ್ನು ಬಿಗಿಯುವಂತೆಯೇ ಭಯವನ್ನೂ ಬಿಗಿಯುತ್ತದೆ.

ಸೂರು ಬದಲಾಗುತ್ತಿದೆ. ಮೇಲ್ಮುದ್ದೆಯ ಮನೆಗಳ ಜಾಗದಲ್ಲಿ ಕಾಂಕ್ರೀಟಿನ ಮನೆಗಳು ಏಳುತ್ತಿವೆ. ಅವು ಸೋರುವುದಿಲ್ಲ, ಕುಸಿಯುವ ಭಯವಿಲ್ಲ. ಇದು ಒಳ್ಳೆಯದೇ; ಬೋಗುಣಿಯ ಸ್ವರಕ್ಕಾಗಿ ಸೋರುವ ಮನೆಯನ್ನು ಯಾರೂ ಬಯಸಬೇಕಾಗಿಲ್ಲ. ಆದರೆ ಮೋಡದಿಂದ ಬರುವ ಹನಿ ಅದೇ ಆದರೂ ಅದನ್ನು ನುಡಿಸುವ ವಾದ್ಯ ಬೇರೆಯಾಯಿತು. ಇಂದಿನ ಮಗುವಿನ ನೆನಪಿಗೆ ಕಿಟಕಿಯ ಗಾಜಿನ ಸದ್ದೋ, ಮನೆಯ ಮುಂದಿನ ತಗಡಿನ ಚಪ್ಪರದ ಸದ್ದೋ ಬೀಗದ ಕೈಯಾದೀತು.

ವಿದ್ಯಾರ್ಥಿಗಳು ಎರಡು ಚಿಕ್ಕ ಪ್ರಯೋಗಗಳನ್ನು ಮಾಡಿ ನೋಡಬಹುದು. ಶಾಯಿ ತುಂಬುವ ಹನಿಗೊಳವೆಯಿಂದ ಒಂದೇ ಎತ್ತರದಲ್ಲಿ ಸ್ಟೀಲಿನ ತಾಟು, ಹೆಂಚಿನ ತುಂಡು, ಒಣಮಣ್ಣು, ನೀರು ತುಂಬಿದ ಬೋಗುಣಿ ಇವುಗಳ ಮೇಲೆ ಹನಿಗಳನ್ನು ಬೀಳಿಸಿ, ಕಣ್ಣು ಮುಚ್ಚಿ ಆಲಿಸಿ. ಬೋಗುಣಿಯ ಮೇಲೆ ಎತ್ತರವನ್ನು ಸ್ವಲ್ಪಸ್ವಲ್ಪವೇ ಬದಲಿಸಿದರೆ ಕೆಲವು ಎತ್ತರಗಳಲ್ಲಿ ಮಾತ್ರ ಸ್ವರ ಹೊರಡುವುದು ತಿಳಿಯುತ್ತದೆ. ಗುಳ್ಳೆ ಸೆರೆಯಾಗುವುದು ಅಲ್ಲಿ ಮಾತ್ರ. ಎರಡನೆಯದಕ್ಕೆ ಉಪಕರಣವೇ ಬೇಡ. ಮುಂದಿನ ಮಳೆಯ ಸಂಜೆ ಮನೆಯ ಅಜ್ಜಿಯನ್ನೋ ತಾಯಿಯನ್ನೋ, ಈ ಸದ್ದು ಕೇಳಿ ಮೊದಲು ಏನು ನೆನಪಾಯಿತು, ಆಗ ತಲೆಯ ಮೇಲಿದ್ದ ಸೂರು ಯಾವುದು ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದಿಡಿ. ಹಲಸಂಗಿಯ ಗೆಳೆಯರು ಮಾಡಿದ್ದೂ ಇಂಥದೇ ಕೆಲಸ.